ಹುಳುವಿನ ಡಿಎನ್‌ಎ ಗಡಿಯಾರ ಅಲ್ಲ

ಹೆಣದ ಮೇಲಿನ ಹುಳುವಿನ ಡಿಎನ್‌ಎ ನೋಡಿ ಸಾವಿನ ಹೊತ್ತು ಹೇಳಿಬಿಡುತ್ತಾರೆ ಅಂತ ಯಾರಾದರೂ ಅಂದರೆ ನನಗೆ ಸುಮ್ನಿರಲು ಆಗುವುದಿಲ್ಲ. ಡಿಎನ್‌ಎ ಹೇಳುವುದು ಹುಳುವಿನ ಹೆಸರು, ಅಷ್ಟೇ. ಹೊತ್ತಿನ ಲೆಕ್ಕ ಶುರುವಾಗುವುದೇ ಆಮೇಲೆ.

ಹೆಣದ ವಾಸನೆ ಹಿಡಿದು ಮೊದಲು ಬರುವವು ಹಸಿರು, ನೀಲಿ ಹೊಳಪಿನ ನೊಣಗಳು. ದಾರಿ ಸಿಕ್ಕರೆ ಕೆಲವೇ ನಿಮಿಷ ಸಾಕು. ಕಣ್ಣು, ಮೂಗು, ಬಾಯಿ, ಗಾಯ, ಎಲ್ಲಿ ತೇವವೋ ಅಲ್ಲಿ ಮೊಟ್ಟೆ. ಹುಳು ತಿಂದು ದಪ್ಪಗಾಗುತ್ತಾ ಎರಡು ಸಲ ಪೊರೆ ಬಿಡುತ್ತದೆ. ಆಮೇಲೆ ಹೆಣ ಬಿಟ್ಟು ತೆವಳಿ ಹೋಗುತ್ತದೆ. ಅದರ ಚರ್ಮವೇ ಗಟ್ಟಿಯಾಗಿ ಕಂದು ಚಿಪ್ಪಾಗುತ್ತದೆ, ಅದರೊಳಗಿಂದ ನೊಣ ಬರುತ್ತದೆ. ಈ ಹಂತಗಳಿಗೆ ಎಷ್ಟು ಹೊತ್ತು ಬೇಕು? ಅದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ: ಯಾವ ಜಾತಿಯ ನೊಣ, ಎಷ್ಟು ಬಿಸಿ.

ಕಷ್ಟ ಇರುವುದು ಜಾತಿ ಹೇಳುವುದರಲ್ಲಿ. ಹುಳುವಿನ ಹಿಂಬದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಪುಟ್ಟ ಬಿಲ್ಲೆಗಳು ಕಾಣುತ್ತವೆ, ಉಸಿರಾಟದ ಕಿಂಡಿಗಳು. ಒಂದೊಂದರಲ್ಲೂ ಮೂರು ಸೀಳಿದ್ದರೆ ಅದು ಮೂರನೇ ಹಂತದ ಹುಳು. ಹಂತವೇನೋ ಗೊತ್ತಾಯಿತು. ಜಾತಿ? ಎಳೆ ಹುಳುಗಳೆಲ್ಲ ಒಂದೇ ಥರ ಕಾಣುತ್ತವೆ. ಹಳೆಯ ದಾರಿ ಅಂದರೆ ಹುಳುವನ್ನು ಸಾಕಿ, ನೊಣವಾಗುವವರೆಗೆ ಕಾಯುವುದು. ನಡುವೆ ಸತ್ತರೆ ಮುಗೀತು.

1994ರಲ್ಲಿ ಸ್ಪರ್ಲಿಂಗ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಈ ನೊಣಗಳನ್ನು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಡಿಎನ್‌ಎಯಿಂದ ಗುರುತಿಸಬಹುದು ಅಂತ ತೋರಿಸಿದರು. ಒಂದೊಂದು ಜೀವಕೋಶದಲ್ಲೂ ಇದರ ಪ್ರತಿಗಳು ಬೇಕಾದಷ್ಟಿರುತ್ತವೆ. ಹಾಗಾಗಿ ಮುರಿದ ಕಾಲು, ನೊಣ ಹಾರಿಹೋದ ಖಾಲಿ ಚಿಪ್ಪು ಕೂಡ ಕೆಲಸಕ್ಕೆ ಬರಬಹುದು. ಇದು ನಿಜಕ್ಕೂ ದೊಡ್ಡ ಅನುಕೂಲ, ಇಲ್ಲ ಅನ್ನಲ್ಲ.

ಆದರೆ ಈ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ಲೂಸಿಲಿಯಾ ಸೆರಿಕಾಟಾ, ಲೂಸಿಲಿಯಾ ಕುಪ್ರಿನಾ ಅಂತ ಎರಡು ಹಸಿರು ನೊಣಗಳಿವೆ. ಇವು ಒಂದರೊಡನೊಂದು ಬೆರೆತಿವೆ. ಹಾಗಾಗಿ ಕೆಲವು ಕುಪ್ರಿನಾಗಳ ಮೈಟೊಕಾಂಡ್ರಿಯಾ ಸೆರಿಕಾಟಾದ ಹಾಗೇ ಇರುತ್ತದೆ! ಅದೊಂದನ್ನೇ ನಂಬಿದರೆ ಹೆಸರು ತಪ್ಪಬಹುದು. ಹೆಸರು ತಪ್ಪಿದರೆ, ಆ ಜಾತಿ ಎಷ್ಟು ಬಿಸಿಗೆ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ಪಟ್ಟಿಯೂ ತಪ್ಪು, ಹೊತ್ತೂ ತಪ್ಪು. ಜೀವಕೋಶದ ನ್ಯೂಕ್ಲಿಯಸ್ (ಕೋಶಕೇಂದ್ರ) ಒಳಗಿನ ಡಿಎನ್‌ಎಯನ್ನೂ ನೋಡಲೇಬೇಕು.

ಹೆಸರು ಸರಿ ಬಂತು ಅಂತಲೇ ಇಟ್ಟುಕೊಳ್ಳಿ. ಸಿಗುವುದು ಹುಳುವಿನ ವಯಸ್ಸು, ಸಾವಿನ ವಯಸ್ಸಲ್ಲ. ಬಾಗಿಲು, ಕಿಟಕಿ ಮುಚ್ಚಿದ ಕೋಣೆಗೆ ನೊಣ ತಡವಾಗಿ ಬರುತ್ತದೆ. ಸಾವಿರಾರು ಹುಳು ಒಟ್ಟಿಗೆ ಮುಗಿಬಿದ್ದರೆ ಆ ಗುಂಪೇ ಬಿಸಿಯಾಗಿ ಬೆಳವಣಿಗೆ ಜೋರಾಗುತ್ತದೆ. ಇದನ್ನೆಲ್ಲ ಯಾವ ಡಿಎನ್‌ಎಯೂ ಹೇಳಲ್ಲ, ಅಲ್ವಾ?

ನನ್ನ ಕೇಳಿದರೆ ಲ್ಯಾಬಿನ ಯಂತ್ರಕ್ಕಿಂತ ಜಾಸ್ತಿ ಮುಖ್ಯ, ಸ್ಥಳದಲ್ಲಿ ಹುಳು ಹೆಕ್ಕುವವರ ಕೈ. ಜೀವಂತ ಹುಳುವನ್ನು ನೇರ ಆಲ್ಕೋಹಾಲಿಗೆ ಹಾಕಿದರೆ ಮುದುಡಿ ಕಪ್ಪಾಗುತ್ತದೆ. ಉದ್ದ ಅಳೆದೇ ವಯಸ್ಸು ಹೇಳುವುದು, ಮುದುಡಿದರೆ ಏನು ಅಳೆಯುವುದು? ಮೊದಲು ಬಿಸಿನೀರು, ಆಮೇಲೆ ಆಲ್ಕೋಹಾಲು. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎಯೇ ಹಾಳು. ಸಾಕಲು ಒಂದಷ್ಟನ್ನು ಜೀವಂತ ಇಟ್ಟುಕೊಳ್ಳಬೇಕು.

ಡಿಎನ್‌ಎ ನನ್ನನ್ನು ಬೆರಗುಗೊಳಿಸುವುದು ಇನ್ನೊಂದು ಕಡೆ. ಹೆಣವನ್ನು ಅಲ್ಲಿಂದ ಸಾಗಿಸಿರುತ್ತಾರೆ, ನೆಲದ ಮೇಲೆ ನಾಲ್ಕು ಹುಳು ಮಾತ್ರ ಉಳಿದಿರುತ್ತವೆ. ಅವುಗಳ ಹೊಟ್ಟೆಯಲ್ಲಿ ತಿಂದ ಮನುಷ್ಯನ ಡಿಎನ್‌ಎ ಸಿಗಬಹುದು. ಆದರೆ ತಿನ್ನುವುದು ನಿಲ್ಲಿಸಿದ ಹುಳುವಿನ ಹೊಟ್ಟೆ ಖಾಲಿಯಾಗುತ್ತಾ ಬರುತ್ತದೆ. ಅಷ್ಟರೊಳಗೆ ಹೆಕ್ಕಿರಬೇಕು.