ಅದಿರಿನ ರೇಟು ಏರಿದರೆ ಕಾನೂನು ಸಡಿಲವಾಗಬೇಕಾ?

ನಮ್ಮ ಏರಿಯಾದಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ನಿನ್ನೆ ಬೆಳಗ್ಗೆ ವಾಕಿಂಗ್ ಹೋದಾಗ ಲಾರಿಯಿಂದ ಕಂಬಿ ಇಳಿಸುತ್ತಿದ್ದರು. ಬೆಂಗಳೂರಿಗೆ ಇದು ದಿನನಿತ್ಯದ ನೋಟ. ನಾನು ಬಳ್ಳಾರಿ ಜಿಲ್ಲೆಯ ಸಂಡೂರಿನ ಕಡೆಯವಳು, ಕಬ್ಬಿಣದ ಅದಿರಿನ ಗಣಿಗಳ ಊರು. ಕಬ್ಬಿಣ ಅಂದ ಕೂಡಲೇ ನನಗೆ ನೆನಪಾಗುವುದು ಧೂಳು. ಅವ್ವ ಒಗೆದು ಹಾಕಿದ ಅಪ್ಪನ ಬಿಳಿ ಪಂಚೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ಹಿತ್ತಲಿನ ಮೆಣಸಿನ ಗಿಡದ ಹಸಿರು ಕಾಣಬೇಕಾದರೆ ಎಲೆಯನ್ನು ಬೆರಳಲ್ಲಿ ಒರೆಸಬೇಕಿತ್ತು.

ಆಗೇನು ಕಾನೂನು ಇರಲಿಲ್ವಾ? ಇತ್ತು. ಅರಣ್ಯ ಸಂರಕ್ಷಣಾ ಕಾಯ್ದೆ 1980ರದ್ದು. ಪರಿಸರ ಸಂರಕ್ಷಣಾ ಕಾಯ್ದೆ 1986ರದ್ದು, ಅದೂ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ ಬಂದದ್ದು. 2000ದ ನಂತರ ಚೀನಾ ಅದಿರಿಗೆ ಮುಗಿಬಿತ್ತು. ರೇಟು ಏರಿದ್ದೇ ತಡ, ಬಳ್ಳಾರಿಯ ಗಣಿಗಳು ಗುತ್ತಿಗೆಯ ಗಡಿ ದಾಟಿ ಕಾಡಿಗೆ ನುಗ್ಗಿದವು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು. ಆಮೇಲೆ ಗಣಿ ಮತ್ತೆ ತೆರೆದಾಗ ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 3 ಕೋಟಿ ಟನ್ ಅದಿರು ಅಂತ ಮಿತಿ ಬಿತ್ತು. 2017ರಲ್ಲಿ ಅದು 3.5 ಕೋಟಿ ಆಯಿತು. 2022ರಲ್ಲಿ 5 ಕೋಟಿ.

ನನಗೆ ಇದಕ್ಕಿಂತ ಜಾಸ್ತಿ ಸಂಕಟ ತಂದದ್ದು ಇನ್ನೊಂದು. ಗಣಿಯಾಗಲಿ ಕಟ್ಟಡವಾಗಲಿ, ಅನುಮತಿ ಇಲ್ಲದೆ ಕೆಲಸ ಶುರು ಮಾಡಿದವರು ಆಮೇಲೆ ಪರಿಸರ ಅನುಮತಿ ಪಡೆಯಬಹುದು ಅಂತ 2017ರಲ್ಲಿ ಕೇಂದ್ರ ದಾರಿ ಮಾಡಿಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ ಎಷ್ಟು ಖುಷಿಯಾಗಿತ್ತು! ನವೆಂಬರ್‌ನಲ್ಲಿ ಅದೇ ಕೋರ್ಟ್ 2:1ರ ಬಹುಮತದಲ್ಲಿ ಆ ತೀರ್ಪನ್ನು ವಾಪಸ್ ತೆಗೆದುಕೊಂಡಿತು. ಸಾವಿರಾರು ಕೋಟಿಯ ಕಟ್ಟಡ ಒಡೆಯಬೇಕಾಗುತ್ತದೆ ಅನ್ನುವುದು ದೊಡ್ಡ ಕಾರಣ.

ಹಾಗಾದರೆ ದೊಡ್ಡದಾಗಿ ತಪ್ಪು ಮಾಡಿದಷ್ಟೂ ಬಚಾವಾಗುವುದು ಸುಲಭ ಅಂತಾಯಿತಲ್ವಾ? ದಂಡ ಕಟ್ಟಿಸಬಹುದು, ಸರಿ. ಆದರೆ ಗಣಿಗೆ ಅನುಮತಿ ಕೊಡುವ ಮೊದಲು ಊರವರ ಅಹವಾಲು ಕೇಳಬೇಕು ಅನ್ನುವ ನಿಯಮ ಇರುವುದೇಕೆ? ಅವ್ವನಂಥವರು ಎದ್ದು ನಿಂತು ತಮ್ಮ ಪಾಡು ಹೇಳಲಿ ಅಂತ. ಬೆಟ್ಟ ಅಗೆದ ಮೇಲೆ ಸುಮ್ನೆ ಶಾಮಿಯಾನ ಹಾಕಿ ಕೇಳಿದರೆ ಅವಳು ಏನಂತ ಹೇಳಬೇಕು?

ಕಬ್ಬಿಣ ಬೇಡ, ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮೂರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಗಣಿ ಕೂಲಿಯಿಂದಲೇ. ಕೇಳುವುದು ಮೊದಲಾಗಲಿ, ಅಗೆಯುವುದು ಆಮೇಲೆ. ನನ್ನ ಬೇಡಿಕೆ ಇಷ್ಟೇ.

20,000 ಚದರ ಮೀಟರ್ ದಾಟಿದ ಕಟ್ಟಡಕ್ಕೂ ಪರಿಸರ ಅನುಮತಿ ಬೇಕು. ಇಲ್ಲಿ ಫ್ಲಾಟ್ ಬುಕ್ ಮಾಡುವವರು ಬಿಲ್ಡರ್ ಹತ್ತಿರ ಆ ಪತ್ರ ಕೇಳಿ. ತಾರೀಖು ನೋಡಿ. ಪಾಯ ತೋಡಿದ್ದು ಯಾವಾಗ ಅಂತ ಪಕ್ಕದ ಟೀ ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ.