ಹೆಪ್ಪಿಗೊಂದು ಚಮಚ

ಮೊಸರಿನ ಪಾತ್ರೆಯನ್ನು ಪೂರ್ತಿ ಬಳಿದು ತಿನ್ನುವುದು ನಮ್ಮ ಮನೆಗಳಲ್ಲಿ ಸಣ್ಣ ಅಪರಾಧ. ನಾಳೆಯ ಹೆಪ್ಪಿಗೆ ಒಂದು ಚಮಚ ಉಳಿಯಲೇಬೇಕು. ಇಲ್ಲದಿದ್ದರೆ ಲೋಟ ಹಿಡಿದು ಪಕ್ಕದ ಮನೆಗೆ ನಡೆಯಬೇಕು, ಅದೂ ದೀಪ ಹಚ್ಚುವ ಮೊದಲೇ. ಹೊತ್ತು ಮುಳುಗಿದ ಮೇಲೆ ಮೊಸರು ಕೊಡದ ಮನೆಗಳು ಈಗಲೂ ಇವೆ. ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪುಗಟ್ಟಿಸುವ ಗಟ್ಟಿಗರೂ ಇದ್ದಾರೆ.

ಆ ಚಮಚದಲ್ಲಿ ಇರುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ, ಲೆಕ್ಕವಿಲ್ಲದಷ್ಟು. ಅವು ಹಾಲಿನ ಸಕ್ಕರೆ ಲ್ಯಾಕ್ಟೋಸ್ ತಿಂದು ಹುಳಿ ಬಿಡುತ್ತವೆ. ಹುಳಿ ಹೆಚ್ಚಿದಂತೆ ಇಳಿಯುವ ಅಳತೆ ಪಿಎಚ್. ಅದು 4.6ರ ಹತ್ತಿರ ಇಳಿದಾಗ ಹಾಲಿನ ಪ್ರೋಟೀನ್ ಕೇಸೀನ್ ಗಟ್ಟಿಯಾಗುತ್ತದೆ. ಅದೇ ಹುಳಿಗೆ ಹೆದರಿ ಹಾಲು ಕೆಡಿಸುವ ಬಹಳಷ್ಟು ಜೀವಿಗಳು ದೂರ ಉಳಿಯುತ್ತವೆ. ಚಳಿಯಾದರೆ ಇವಕ್ಕೆ ಕೆಲಸ ಸಾಗದು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಪಾತ್ರೆಗೆ ಹಳೇ ಶಾಲು ಹೊದಿಸುವುದು ಅದಕ್ಕೇ.

ಹುಳಿ ಹಾಲಿನ ಗುಣಗಾನಕ್ಕೆ ದೊಡ್ಡ ಹೆಸರು ತಂದವರು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೋವ್. ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದವರು. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದೇ ದೀರ್ಘಕಾಲ ಬದುಕುತ್ತಾರೆಂದು ನಂಬಿ, ತಾವೂ ಕುಡಿಯುತ್ತಿದ್ದರು. 71ಕ್ಕೆ ತೀರಿಕೊಂಡರು. ನಮ್ಮ ಎಷ್ಟೋ ಅಜ್ಜಿಯರು ಸುಮ್ನೆ ಮಜ್ಜಿಗೆ ಕುಡಿದು ಅವರನ್ನು ಹಿಂದೆ ಹಾಕಿದ್ದಾರೆ!

ಹಾಗಂತ ಲಾಭವಿಲ್ಲ ಅಂತಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಒಂದಷ್ಟು ಲ್ಯಾಕ್ಟೋಸ್ ಮೊದಲೇ ಖಾಲಿಯಾಗಿರುತ್ತದೆ, ಉಳಿದದ್ದನ್ನು ಜೀರ್ಣಿಸಲು ಬ್ಯಾಕ್ಟೀರಿಯಾದ ಕಿಣ್ವಗಳು ನೆರವಾಗುತ್ತವೆ. ಆ್ಯಂಟಿಬಯಾಟಿಕ್ ತಗೊಂಡಾಗ ಬರುವ ಭೇದಿಗೂ ಇಂಥ ಬ್ಯಾಕ್ಟೀರಿಯಾದ ಕೆಲವು ತಳಿಗಳು ಉಪಯುಕ್ತ. ಆದರೆ ಎಲ್ಲ ತಳಿಗಳೂ ಎಲ್ಲಕ್ಕೂ ಅಲ್ಲ. ಪ್ರೊಬಯಾಟಿಕ್, ಅಂದರೆ ಆರೋಗ್ಯಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ, ಇರುವ ಡಬ್ಬಿಯ ಮೇಲೆ ಅವು ಎಷ್ಟು ಕೋಟಿ ಅಂತ ಬರೆದಿದ್ದಾರೆ ಎನ್ನುವುದಕ್ಕಿಂತ ಯಾವ ತಳಿ, ಯಾವ ತೊಂದರೆಗೆ ಎನ್ನುವುದೇ ಮುಖ್ಯ.

ಅಪಾಯದ ಮಾತು ಬಂದರೆ, ತಲೆಮಾರುಗಳಿಂದ ತಿಂದುಕೊಂಡು ಬಂದಿರುವ ನಮಗೆ ಭಯ ಕಡಿಮೆ, ಸರಿಯೇ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರ ವಿಷಯ ಬೇರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳದ್ದೂ ಹಾಗೇ. ಅಂಥ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಪ್ರೊಬಯಾಟಿಕ್ ಕೊಡುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ 2023ರಲ್ಲಿ ಎಚ್ಚರಿಸಿತ್ತು. ಡಾಕ್ಟರನ್ನು ಕೇಳದೆ ಕ್ಯಾಪ್ಸೂಲ್ ನುಂಗಿಸಬಾರದು. ಮನೆಯಲ್ಲೂ ಅಷ್ಟೇ: ಹೆಪ್ಪು ಹಾಕಿದ ಮಾತ್ರಕ್ಕೆ ಕೊಳಕು ಪಾತ್ರೆ ಶುದ್ಧವಾಗುವುದಿಲ್ಲ. ಮೊಸರಿನ ಮೇಲೆ ಬೂಸ್ಟು ಕಂಡರೆ ಕೆನೆ ಅಂದುಕೊಂಡು ತೆಗೆದು ತಿನ್ನುವ ಧೈರ್ಯ ಬೇಡ.

ಇನ್ನು ಇಡ್ಲಿ. ಅದಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಉದ್ದು, ಅಕ್ಕಿಯ ಜೊತೆಗೇ ಬ್ಯಾಕ್ಟೀರಿಯಾ ಬಂದುಬಿಡುತ್ತವೆ. ಲ್ಯುಕೊನೊಸ್ಟಾಕ್ ಎಂಬ ಬಳಗ ಹುಳಿಯ ಜೊತೆ ಗಾಳಿಯನ್ನೂ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ವಾಟ್ಸಾಪಿನಲ್ಲಿ ಇಡ್ಲಿಯೂ ಜೀವಂತ ಪ್ರೊಬಯಾಟಿಕ್ ಅಂತ ಓಡಾಡುತ್ತಿರುತ್ತದೆ. ಹಬೆಯಲ್ಲಿ ಹತ್ತು ನಿಮಿಷ ಬೆಂದ ಮೇಲೆ ಆ ಬಳಗದಲ್ಲಿ ಜೀವ ಉಳಿಯುತ್ತದೆಯೇ? ಕುದಿಸಿದ ಮಜ್ಜಿಗೆಹುಳಿಯ ಕತೆಯೂ ಅದೇ. ಹಾಗಂತ ಮಜ್ಜಿಗೆಹುಳಿ ಬಿಟ್ಟವರು ಯಾರಾದರೂ ಇದ್ದಾರಾ?