ವೇಷ ಕಟ್ಟುವ ಊರುಗಳು

ಚಿತ್ರಕಥೆಯ ಮೊದಲ ಪುಟದಲ್ಲೇ ‘ನ್ಯೂಯಾರ್ಕ್, ಹಗಲು’ ಎಂದು ಬರೆದಿದ್ದರೆ ಅದನ್ನು ಅಷ್ಟೊಂದು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಅದು ಬರೆದವನ ಆಸೆ, ಅಷ್ಟೆ. ಚಿತ್ರೀಕರಣ ಎಲ್ಲಿ ಎಂದು ತೀರ್ಮಾನಿಸುವವರು ಲೆಕ್ಕದ ಕೋಣೆಯಲ್ಲಿ ಕೂತಿರುತ್ತಾರೆ. ಅವರ ಮುಂದೆ ಭೂಪಟ ಇರುವುದಿಲ್ಲ, ಶೇಕಡಾವಾರು ಪಟ್ಟಿ ಇರುತ್ತದೆ. ಖರ್ಚಿನಲ್ಲಿ ಹೆಚ್ಚು ಪಾಲು ವಾಪಸ್ ಕೊಡುವ ಸರ್ಕಾರ ಯಾವುದೋ, ಅದರ ಊರೇ ನ್ಯೂಯಾರ್ಕ್.

ಬಹಳ ಸಲ ಆ ಊರು ಟೊರಾಂಟೊ. ಕೆನಡಾದ ಕೇಂದ್ರ ಸರ್ಕಾರ ಅಲ್ಲಿನ ಕೆಲಸಗಾರರ ಸಂಬಳದ ಲೆಕ್ಕದಲ್ಲಿ ಶೇ. 16 ಹಿಂದಿರುಗಿಸುತ್ತದೆ. ಪ್ರಾಂತ್ಯದ ಪಾಲು ಬೇರೆ. ಕೆನಡಾದ ಡಾಲರು ಅಮೆರಿಕದ ಡಾಲರಿಗಿಂತ ಅಗ್ಗವಾಗಿರುವುದು ಬೋನಸ್. ಇಷ್ಟೆಲ್ಲ ಪಡೆದ ಮೇಲೆ ಟೊರಾಂಟೊ ಮಾಡಬೇಕಾದ ಕೆಲಸ ಒಂದೇ: ತಾನು ಟೊರಾಂಟೊ ಎಂದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದು.

ಅದಕ್ಕೆ ವಿಧಾನ ಇದೆ. ಮೊದಲು ಅಂಚೆ ಡಬ್ಬಿ. ಕೆನಡಾದ್ದು ಕೆಂಪು, ಅದರ ಮೇಲೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ, ನ್ಯೂಯಾರ್ಕಿನದು ನೀಲಿ. ಕೆಂಪಿನದನ್ನು ಕಿತ್ತುಕೊಂಡು ಹೋಗುವಂತಿಲ್ಲವಾದ್ದರಿಂದ ಅದರ ಮುಂದೆ ವ್ಯಾನು ನಿಲ್ಲಿಸಿ, ಹತ್ತು ಹೆಜ್ಜೆ ಆಚೆ ಒಂದು ನೀಲಿ ಡಬ್ಬಿ ಇಡಿ. ಹಾದುಹೋಗುವವರು ಯಾರಾದರೂ ಅದಕ್ಕೆ ನಿಜವಾದ ಕಾಗದ ಹಾಕಿಬಿಡಬಹುದು, ಕಾವಲಿಗೆ ಒಬ್ಬ ಹುಡುಗನನ್ನು ನಿಲ್ಲಿಸಿ. ಆಮೇಲೆ ಬೀದಿ ಹೆಸರಿನ ಫಲಕ, ಕಿಲೋಮೀಟರಿನ ಫಲಕ, ಬ್ಯಾಂಕಿನ ಬೋರ್ಡು, ಬಾವುಟ. ನಿಂತ ಕಾರುಗಳಿಗೆಲ್ಲ ನ್ಯೂಯಾರ್ಕಿನ ನಂಬರ್ ಪ್ಲೇಟ್. ನಾಲ್ಕೈದು ಹಳದಿ ಟ್ಯಾಕ್ಸಿಗಳು ಸಾಕು, ಅವೇ ಸುತ್ತು ಹೊಡೆದು ಬರುತ್ತಿದ್ದರೆ ನಲವತ್ತಾಗಿ ಕಾಣುತ್ತವೆ. ರಸ್ತೆಯ ಮುಚ್ಚಳದಿಂದ ಹೊಗೆ ಏಳಬೇಕು. ನ್ಯೂಯಾರ್ಕಿನಲ್ಲಿ ನೆಲದಡಿಯ ಹಬೆಯ ಕೊಳವೆಗಳಿಂದ ಅದು ತಾನಾಗಿ ಬರುತ್ತದೆ, ಇಲ್ಲಿ ಯಂತ್ರ ಇಟ್ಟು ಊದಬೇಕು. ಕೊನೆಯದಾಗಿ ಕಸ. ಗುಡಿಸಿಟ್ಟ ಬೀದಿಗೆ ಕಪ್ಪು ಚೀಲಗಳನ್ನು ತಂದು ಒಟ್ಟಬೇಕು, ಶಾಟ್ ಮುಗಿದ ಮೇಲೆ ಎಣಿಸಿ ವಾಪಸ್ ಒಯ್ಯಬೇಕು. ಕಸಕ್ಕೂ ಬಾಡಿಗೆ, ಕಸಕ್ಕೂ ರಸೀದಿ.

ಇಷ್ಟಾದರೂ ಟ್ರಾಮಿನ ತಂತಿ ತಲೆಯ ಮೇಲೆ ನೇತಾಡುತ್ತಿರುತ್ತದೆ. ಅದರ ಹಿಂದೆ 553 ಮೀಟರ್ ಎತ್ತರದ ಸಿ.ಎನ್. ಟವರ್. ಅದರ ಮುಂದೆ ಎಂಥ ವ್ಯಾನು ನಿಲ್ಲಿಸುತ್ತೀರಿ? ಕ್ಯಾಮೆರಾ ತಗ್ಗಿಸಿ ಹಿಡಿಯುವುದೊಂದೇ ದಾರಿ. ಪರದೆಯ ಮೇಲಿನ ನ್ಯೂಯಾರ್ಕಿನಲ್ಲಿ ಜನ ಯಾಕೆ ಇಷ್ಟು ಗೋಡೆಗೆ ಒತ್ತಿಕೊಂಡೇ ಮಾತಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಕೆನಡಾದ್ದೇ ಇನ್ನೊಂದು ಊರು ವ್ಯಾಂಕೂವರಿನಲ್ಲಾದರೆ ನಿಯಮ ಇನ್ನೂ ಸರಳ: ಉತ್ತರಕ್ಕೆ ತಿರುಗಬೇಡಿ. ಅತ್ತ ಬೆಟ್ಟಗಳಿವೆ. 1995ರ ‘ರಂಬಲ್ ಇನ್ ದಿ ಬ್ರಾಂಕ್ಸ್’ ಚಿತ್ರದ ತಂಡ ತಿರುಗಿತು. ಅಂದಿನಿಂದ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ, ಭೂಗೋಳ ಪುಸ್ತಕದಲ್ಲಿ ಇಲ್ಲದ ಒಂದು ಪರ್ವತ ಶ್ರೇಣಿ ಮಂಜೂರಾಗಿದೆ.

ಬುಡಾಪೆಸ್ಟ್ ಇದ್ದಲ್ಲೇ ಬ್ಯೂನಸ್ ಐರಿಸ್ ಆಗುತ್ತದೆ. ಮೊರೊಕ್ಕೊದ ವಾರ್ಜಾಜಾತ್ ಬೆಳಿಗ್ಗೆ ಈಜಿಪ್ಟ್, ಮಧ್ಯಾಹ್ನ ರೋಮ್. 1997ರಲ್ಲಿ ಟಿಬೆಟ್ಟಿನ ಬಗ್ಗೆ ಎರಡು ದೊಡ್ಡ ಚಿತ್ರಗಳು ಬಂದವು. ಚೀನಾ ಒಳಗೆ ಬಿಡುವ ಮಾತೇ ಇರಲಿಲ್ಲ. ಒಂದರ ಹಿಮಾಲಯ ಮೊರೊಕ್ಕೊದಲ್ಲಿತ್ತು, ಇನ್ನೊಂದರದು ಅರ್ಜೆಂಟೀನಾದ ಆಂಡಿಸ್‌ನಲ್ಲಿ. ಪ್ರೇಕ್ಷಕರು ಎರಡನ್ನೂ ನೋಡಿ ಟಿಬೆಟ್ ಎಷ್ಟು ವಿಶಾಲ ಎಂದುಕೊಂಡಿರಬೇಕು.

ಈ ಆಟದ ಪರಮ ಗುರು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಅವರು ಇಂಗ್ಲೆಂಡಿನಲ್ಲಿ ನೆಲೆಸಿದ್ದರು. ಹಾಗಾಗಿ ವಿಯೆಟ್ನಾಂ ಯುದ್ಧವೇ ಲಂಡನ್ನಿಗೆ ಬರಬೇಕಾಯಿತು. ಪೂರ್ವ ಲಂಡನ್ನಿನ ಬೆಕ್ಟನ್‌ನಲ್ಲಿ ಪಾಳುಬಿದ್ದ ಗ್ಯಾಸ್ ಕಾರ್ಖಾನೆಯೊಂದಿತ್ತು. ಅದನ್ನೇ ಒಡೆದು ಸುಟ್ಟು ವಿಯೆಟ್ನಾಮಿನ ಹ್ಯೂ ನಗರ ಮಾಡಿದರು, ಸ್ಪೇನಿನಿಂದ 200 ತಾಳೆಮರ ತರಿಸಿದರು. ಮುಂದೆ ನ್ಯೂಯಾರ್ಕಿನ ಕಥೆ ಬಂದಾಗ ಅಲ್ಲಿಗೆ ಆಳು ಕಳಿಸಿ ಬೀದಿಯ ಅಗಲ ಅಳೆಸಿ, ಆ ಅಳತೆಗೆ ಸರಿಯಾಗಿ ಪೈನ್‌ವುಡ್ ಸ್ಟುಡಿಯೊದಲ್ಲಿ ಬೀದಿ ಕಟ್ಟಿಸಿದರು. ಅಳೆಯಲು ಹೋದವರು ಜೊತೆಗೊಂದು ಕ್ಯಾಮೆರಾ ಒಯ್ದಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು ಎಂದು ನಮ್ಮಂಥ ಅಲ್ಪಮತಿಗಳಿಗೆ ಅನಿಸಬಹುದು.

ಹಾಲಿವುಡ್‌ನವರು ಮನೆಯ ಹತ್ತಿರ ಮಾಡುವಾಗಲೂ ಕಲೆಗಿಂತ ಅಳತೆಯ ಟೇಪೇ ಮುಖ್ಯ. ಲಾಸ್ ಏಂಜಲೀಸಿನ ಬೆವರ್ಲಿ ಮತ್ತು ಲಾ ಸಿಯೆನೆಗಾ ರಸ್ತೆಗಳು ಕೂಡುವ ಜಾಗವನ್ನು ಕೇಂದ್ರವಾಗಿಟ್ಟು 30 ಮೈಲಿ ತ್ರಿಜ್ಯದ ವೃತ್ತ ಎಳೆಯಿರಿ. ಅದರಾಚೆ ಕಾಲಿಟ್ಟರೆ ಕಾರ್ಮಿಕ ಒಪ್ಪಂದದ ಪ್ರಕಾರ ಪ್ರಯಾಣದ ಭತ್ಯೆ, ವಸತಿ ಎಲ್ಲ ಶುರು. ಆದ್ದರಿಂದ ವಿಶ್ವದ ಅದೆಷ್ಟೋ ಗುಹೆಗಳು ಈ ವೃತ್ತದೊಳಗಿನ ಗ್ರಿಫಿತ್ ಪಾರ್ಕಿನಲ್ಲೇ ಇವೆ. 1966ರ ಟಿವಿ ಸರಣಿಯ ಬ್ಯಾಟ್‌ಮ್ಯಾನ್ ಕಾರು ಹೊರಬರುತ್ತಿದ್ದದ್ದು ಅಲ್ಲಿಂದಲೇ. ವಾಸ್ತವದಲ್ಲಿ ಅದು ಗುಹೆಯೇ ಅಲ್ಲ, ಹಳೆಯ ಕಲ್ಲುಗಣಿಯ ಗಿಡ್ಡ ಸುರಂಗ. ನೇರಕ್ಕೆ ಕ್ಯಾಮೆರಾ ಇಟ್ಟರೆ ಆಚೆಯ ಬೆಳಕು ಕಂಡುಬಿಡುತ್ತದೆ, ಅದಕ್ಕೇ ಯಾವಾಗಲೂ ಓರೆಯಾಗಿ ಇಡುತ್ತಾರೆ.

ಈಗ ಊರೇ ಬೇಡ ಎನ್ನುವ ಪಂಗಡವೂ ಇದೆ. 20 ಅಡಿ ಎತ್ತರದ ಎಲ್‌ಇಡಿ ಗೋಡೆಯನ್ನು 75 ಅಡಿ ವ್ಯಾಸಕ್ಕೆ ಬಾಗಿಸಿ ನಿಲ್ಲಿಸಿದರೆ ಅದರೊಳಗೆ ಯಾವ ಗ್ರಹ ಬೇಕಾದರೂ ಮೂಡುತ್ತದೆ. ಸೂರ್ಯ ಹತ್ತು ಗಂಟೆ ಹೊತ್ತು ಮುಳುಗುತ್ತಲೇ ಇರುತ್ತಾನೆ, ಮುಳುಗುವುದಿಲ್ಲ. ತೊಂದರೆ ಎರಡು. ಫೋಕಸ್ ಗೋಡೆಯ ಮೇಲೆ ಬಿದ್ದರೆ ಪರದೆ ತುಂಬ ಅಲೆ ಅಲೆ ಗೆರೆ ಕುಣಿಯುತ್ತದೆ, ಆದ್ದರಿಂದ ಹಿನ್ನೆಲೆ ಸದಾ ಮಂಜುಮಂಜು. ಎರಡನೆಯದು, 75 ಅಡಿ ಮುಗಿದಲ್ಲಿ ಮರುಭೂಮಿಯೂ ಮುಗಿಯುತ್ತದೆ. ಅನಂತ ಮರಳಿನ ನಡುವೆ ಪಾತ್ರಗಳು ನಿಂತಲ್ಲೇ ನಿಂತು ಹರಟುವುದು ಅದಕ್ಕೇ. ಓಡಿದರೆ ಗೋಡೆಗೆ ಹಣೆ.

ದುಡ್ಡಿನ ವಿಷಯಕ್ಕೆ ಬರೋಣ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಮಾತಿಗೆ ಅಮೆರಿಕದ ಮಿಷಿಗನ್ ರಾಜ್ಯದಷ್ಟು ಅಚ್ಚುಕಟ್ಟಾದ ಉದಾಹರಣೆ ಸಿಗಲಾರದು. 2008ರಲ್ಲಿ ಅದು ಚಿತ್ರ ತಂಡಗಳಿಗೆ ಶೇ. 42ರವರೆಗೆ ವಾಪಸ್ ಕೊಡುತ್ತೇನೆ ಎಂದಿತು. ಒಂದು ಡಾಲರ್ ಖರ್ಚಿನಲ್ಲಿ 42 ಸೆಂಟ್ ಖಜಾನೆಯದು. ಅಲ್ಲಿನ ಮಾರಾಟ ತೆರಿಗೆ ಶೇ. 6. ಬರೀ ಅದರಿಂದಲೇ ತುಂಬಿಸಬೇಕೆಂದರೆ ಆ ಒಂದು ಡಾಲರ್ ಏಳು ಡಾಲರಿನ ವ್ಯಾಪಾರ ಹುಟ್ಟಿಸಬೇಕು. ಆದರೆ ಡಾಲರಿನ ದೊಡ್ಡ ತುಂಡು ಹೀರೋನ ಜೇಬಿನಲ್ಲಿ ಕೂತು, ಪ್ಯಾಕಪ್ ಆದ ಸಂಜೆಯೇ ವಿಮಾನ ಹತ್ತಿರುತ್ತದೆ. ಪಾಂಟಿಯಾಕ್ ಎಂಬಲ್ಲಿ ಒಂದು ಸ್ಟುಡಿಯೊ ಕಟ್ಟಲು ಎತ್ತಿದ 1.8 ಕೋಟಿ ಡಾಲರ್ ಬಾಂಡಿಗೆ ಜಾಮೀನು ನಿಂತದ್ದು ಸರ್ಕಾರಿ ನೌಕರರ ಪಿಂಚಣಿ ನಿಧಿ. 2012ರಲ್ಲಿ ಕಂತು ತಪ್ಪಿತು. ಸಿನಿಮಾ ಟಿಕೆಟ್ಟೂ ಕೊಳ್ಳದ ನಿವೃತ್ತರು ಹೀಗೆ ನಿರ್ಮಾಪಕರಾದರು, ಪೋಸ್ಟರಿನಲ್ಲಿ ಮಾತ್ರ ಹೆಸರು ಬರಲಿಲ್ಲ. 2015ರಲ್ಲಿ ರಾಜ್ಯ ಯೋಜನೆಯನ್ನೇ ಮುಚ್ಚಿತು.

ಉಳಿದವರು ಮುಚ್ಚಲಾರರು. ಇವರು ಮುಚ್ಚಿದರೆ ಪಕ್ಕದವರು ತೆರೆಯುತ್ತಾರೆ. 2025ರಲ್ಲಿ ಕ್ಯಾಲಿಫೋರ್ನಿಯಾ ಚಿತ್ರಗಳಿಗೆ ಕೊಡುವ ವಾರ್ಷಿಕ ತೆರಿಗೆ ರಿಯಾಯಿತಿಯ ಮಿತಿಯನ್ನು 33 ಕೋಟಿಯಿಂದ 75 ಕೋಟಿ ಡಾಲರಿಗೆ ಏರಿಸಿತು. ಯಾಕೆಂದರೆ ಹಾಲಿವುಡ್ಡನ್ನು ಹಾಲಿವುಡ್ಡಿನಲ್ಲೇ ಉಳಿಸಿಕೊಳ್ಳುವುದಕ್ಕೂ ಈಗ ದುಡ್ಡು ಕೊಡಬೇಕು.

ಒಳ್ಳೆಯ ಜಾಗವನ್ನು ಅದು ಇದ್ದ ಹಾಗೇ ತೋರಿಸುವುದೂ ಸುಲಭವಲ್ಲ. ಥಾಯ್ಲೆಂಡಿನ ಮಾಯಾ ಕೊಲ್ಲಿ ‘ಸ್ವರ್ಗದಂಥ ಕಡಲತೀರ’ ಬೇಕೆಂದಾಗ ಸಿಕ್ಕ ಜಾಗ. 1999ರಲ್ಲಿ ಚಿತ್ರೀಕರಣಕ್ಕೆ ಹೋದವರಿಗೆ ಅದು ಸ್ವರ್ಗದಷ್ಟು ಸ್ವರ್ಗವಾಗಿ ಕಾಣಲಿಲ್ಲ. ಮರಳ ದಿಬ್ಬ ಅಗೆದು ಸಮತಟ್ಟು ಮಾಡಿದರು, ಹೊರಗಿನಿಂದ ತೆಂಗಿನ ಗಿಡ ತಂದು ನೆಟ್ಟರು. ಸಿನಿಮಾ ನೋಡಿದ ಜನ ದೋಣಿ ತುಂಬ ಬಂದರು, ಹವಳ ಸತ್ತಿತು, 2018ರಲ್ಲಿ ಬೀಗ ಬಿತ್ತು. ಮತ್ತೆ ತೆರೆದದ್ದು 2022ರಲ್ಲಿ.

ಅಮೆರಿಕದ ಜಾರ್ಜಿಯಾ ರಾಜ್ಯ ಮಾತ್ರ ತನ್ನ ಹೆಸರು ಕಾಣಲಿ ಎಂದು ಹಟ ಹಿಡಿದಿದೆ. 5 ಲಕ್ಷ ಡಾಲರ್ ಖರ್ಚು ಮಾಡಿದವರಿಗೆ ಶೇ. 20 ತೆರಿಗೆ ರಿಯಾಯಿತಿ. ಚಿತ್ರದಲ್ಲಿ ರಾಜ್ಯದ ಪೀಚ್ ಹಣ್ಣಿನ ಲಾಂಛನ ತೋರಿಸಿದರೆ ಇನ್ನೂ ಶೇ. 10. ಆದರೆ ಚಿತ್ರ ಮಾಡುವ ಸ್ಟುಡಿಯೊ ಅಲ್ಲಿನ ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಅಷ್ಟೊಂದು ಇರುವುದೇ ಇಲ್ಲ. ಉಳಿದ ರಿಯಾಯಿತಿಯನ್ನು ಅದು ಮುಖಬೆಲೆಗಿಂತ ತುಸು ಕಡಿಮೆಗೆ ತೆರಿಗೆ ಕಟ್ಟಬೇಕಾದ ಬೇರೆಯವರಿಗೆ ಮಾರಿ ನಗದು ಮಾಡಿಕೊಳ್ಳುತ್ತದೆ. ಹತ್ತು ಕೋಟಿ ಡಾಲರಿನ ಚಿತ್ರವಾದರೆ ಒಂದು ಹಣ್ಣಿನ ಬೆಲೆ ಒಂದು ಕೋಟಿ. ಹಣ್ಣು ಬರುವುದು ಎಲ್ಲ ಮುಗಿದು ಹೆಸರುಗಳು ಓಡತೊಡಗಿದ ಮೇಲೆ. ಅಷ್ಟರಲ್ಲಿ ಥಿಯೇಟರಿನಲ್ಲಿ ಪೊರಕೆ ಹಿಡಿದವರು ಒಳಗೆ ಬಂದಿರುತ್ತಾರೆ. ಮನೆಯಲ್ಲಾದರೆ ‘ಮುಂದಿನ ಕಂತು’ ಎಂಬ ಗುಂಡಿ ಸರಿಯಾಗಿ ಆ ಹಣ್ಣಿನ ಮೇಲೇ ಬಂದು ಕೂತಿರುತ್ತದೆ.